ಟ್ರೈಲರ್ ಎಳೆಯಲು ಹಳೆ ಟ್ರ್ಯಾಕ್ಟರ್: ಬೆಲೆ ಮಾತಾಡುವ ಮೊದಲು ಬ್ರೇಕು, ಕ್ಲಚ್ಚು, ಕೊಂಡಿ ನೋಡಿ

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಹಳೆ ಟ್ರ್ಯಾಕ್ಟರ್ ಹುಡುಕುವವರಲ್ಲಿ ಬಹಳ ಮಂದಿಗೆ ಅದು ಬೇಕಿರುವುದು ಟ್ರೈಲರ್ ಎಳೆಯಲು. ಟೊಮೆಟೊ ಬಾಕ್ಸು ಮಂಡಿಗೆ ಹೋಗಬೇಕು, ಕೆರೆಗೋಡು ಹೊಲಕ್ಕೆ ಬರಬೇಕು, ಬೇಸಿಗೆಯಲ್ಲಿ ಮಾವಿನ ಗಿಡಕ್ಕೆ ಟ್ಯಾಂಕರ್ ನೀರು ಬೀಳಬೇಕು. ಕೊಳ್ಳಲು ಹೋದಾಗ ಮಾತ್ರ ಎಂಜಿನ್ ಸದ್ದು ಕೇಳಿ, ಲಿಫ್ಟ್ ಎತ್ತಿಸಿ, ಬಣ್ಣ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಎಂಜಿನ್ ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ದುಡ್ಡು ಹೋಗುತ್ತದೆ. ಬ್ರೇಕೋ ಕೊಂಡಿಯೋ ಕೈಕೊಟ್ಟರೆ ಜೀವವೇ ಹೋಗುತ್ತದೆ. ಆದ್ದರಿಂದ ನೋಡುವ ಕ್ರಮವನ್ನೇ ಬದಲಿಸಿಕೊಳ್ಳಬೇಕು.

ಮೊದಲು ಭಾರದ ಲೆಕ್ಕ

ಮನೆಯಲ್ಲೇ ಕೂತು ಎಷ್ಟು ಭಾರ ಎಳೆಯಬೇಕೆಂದು ಬರೆದುಕೊಳ್ಳಿ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ 15 ಕೆ.ಜಿ. ಲೆಕ್ಕ, 200 ಬಾಕ್ಸ್ ತುಂಬಿದರೆ 3 ಟನ್. ನೀರಾದರೆ 1000 ಲೀಟರಿಗೆ 1 ಟನ್. 4000 ಲೀಟರಿನ ಟ್ಯಾಂಕರ್ ತುಂಬಿಸಿದರೆ ನೀರೇ 4 ಟನ್, ಟ್ಯಾಂಕರಿನ ಕಬ್ಬಿಣದ ತೂಕ ಬೇರೆ. 40ರಿಂದ 45 ಎಚ್‌ಪಿಯ ಟ್ರ್ಯಾಕ್ಟರ್ ತೂಗುವುದು ಹೆಚ್ಚುಕಮ್ಮಿ 2 ಟನ್. ಅಂದರೆ ಹಿಂದೆ ಬರುತ್ತಿರುವುದು ಮುಂದೆ ಹೋಗುತ್ತಿರುವುದರ ಎರಡು ಪಟ್ಟಿಗೂ ಹೆಚ್ಚು. ನಮ್ಮ ಕಡೆಯ ಟ್ರೈಲರ್‌ಗಳಲ್ಲಿ ಬಹುಪಾಲಿಗೆ ಸ್ವಂತ ಬ್ರೇಕೇ ಇಲ್ಲ. ಅಷ್ಟು ಭಾರವನ್ನೂ ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರಗಳೇ ಹಿಡಿದು ನಿಲ್ಲಿಸಬೇಕು.

ಸಮತಟ್ಟು ದಾರಿಯಲ್ಲಿ 2 ಟನ್‌ವರೆಗೆ ಸಾಗಿಸುವವರಿಗೆ 35 ಎಚ್‌ಪಿಯ ಗಾಡಿ ಸಾಕು. 3 ಟನ್ ದಾಟಿದರೆ, ಅದರಲ್ಲೂ ದಿಣ್ಣೆ ಹತ್ತಿ ಇಳಿಯುವ ದಾರಿಯಾದರೆ, 40ಕ್ಕಿಂತ ಕೆಳಗೆ ಬೇಡ. ಇಲ್ಲಿ ಎಚ್‌ಪಿಗಿಂತಲೂ ಗಾಡಿಯ ಸ್ವಂತ ತೂಕ ಮುಖ್ಯ. ಹಗುರ ಗಾಡಿ ಎಳೆದೀತು, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲಾರದು.

ಯಾವ ಕಂಪನಿ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಊರಿನ ಮೆಕ್ಯಾನಿಕ್ ಬಳಿ ಇದೆ. ಮಹೀಂದ್ರ 475, ಸಿಂಪ್ಸನ್ ಎಂಜಿನ್ ಇರುವ ಮ್ಯಾಸಿ 1035 ಮತ್ತು 241, ಸ್ವರಾಜ್ 735 ಮತ್ತು 744 ಇಂಥವುಗಳ ಬಿಡಿಭಾಗ ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಎಚ್‌ಎಂಟಿ ಗಟ್ಟಿ ಗಾಡಿ, ಅಗ್ಗಕ್ಕೂ ಸಿಗುತ್ತದೆ. ಆದರೆ ತಯಾರಿಕೆ ನಿಂತುಹೋಗಿದೆ. ಒಂದು ಗೇರಿಗಾಗಿ ಹದಿನೈದು ದಿನ ಗಾಡಿ ನಿಂತರೆ ಉಳಿಸಿದ ದುಡ್ಡು ಅಲ್ಲಿಗೆ ಮುಗಿಯಿತು.

ಕೈಯಲ್ಲಿರುವ ದುಡ್ಡಿನಲ್ಲಿ ಐದರಲ್ಲೊಂದು ಪಾಲು ಎತ್ತಿಟ್ಟು ವ್ಯಾಪಾರಕ್ಕೆ ಹೊರಡಿ. 3 ಲಕ್ಷ ಇದ್ದರೆ 2.40 ಲಕ್ಷದೊಳಗೆ ಗಾಡಿ ಮುಗಿಯಬೇಕು. ಉಳಿದ 60 ಸಾವಿರ ಆಯಿಲ್, ಬ್ಯಾಟರಿ, ಕ್ಲಚ್, ಹೆಸರು ವರ್ಗಾವಣೆ, ವಿಮೆಗೆ. ಹಿಂದಿನ ಟೈರ್ ಜೋಡಿ, ಕ್ಲಚ್ ಸೆಟ್, ಬ್ರೇಕ್ ಲೈನಿಂಗ್ ಈ ಮೂರರ ದರವನ್ನು ಅಂಗಡಿಯಲ್ಲಿ ಮೊದಲೇ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಚೌಕಾಸಿ ಮಾಡುವಾಗ ಆ ಚೀಟಿಗಿಂತ ದೊಡ್ಡ ಬಲವಿಲ್ಲ.

ಗಾಡಿ ಇಷ್ಟು ದಿನ ಏನು ಮಾಡುತ್ತಿತ್ತು?

ಗಂಟೆ ಮೀಟರನ್ನು ನಂಬಿ ಕೂರಬೇಡಿ, ಕೇಬಲ್ ಬಿಚ್ಚಿದರೆ ಅದು ನಿಂತುಹೋಗುತ್ತದೆ. ಮೀಟರಿನಲ್ಲಿ 2000 ಗಂಟೆ ತೋರಿಸಿ, ಕ್ಲಚ್ ಪೆಡಲ್ಲಿನ ಗೀರು ಸವೆದು ಕಬ್ಬಿಣ ನುಣುಪಾಗಿದ್ದರೆ, ಸ್ಟೇರಿಂಗಿನ ಹಿಡಿ ಹೊಳೆಯುತ್ತಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ.

ಹಳೆ ಕೆಲಸ ಗಾಡಿಯ ಮೈಮೇಲೇ ಬರೆದಿರುತ್ತದೆ. ಮುಂಭಾಗದ ಚಾಸಿ ಪಕ್ಕದಲ್ಲಿ ಖಾಲಿ ಬೋಲ್ಟ್ ತೂತುಗಳು, ವೆಲ್ಡಿಂಗ್ ಗುರುತು ಕಂಡರೆ ಲೋಡರ್ ಕಟ್ಟಿದ್ದ ಗಾಡಿ. ಅದರ ಮುಂದಿನ ಆಕ್ಸಲ್ ಮತ್ತು ಕ್ಲಚ್ ದಣಿದಿರುತ್ತವೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಓಡಿಸಿದ್ದರೆ ಆಕ್ಸಲ್ ಸೀಲಿನ ಮೂಲಕ ಕೆಸರುನೀರು ಒಳಗೆ ಇಳಿದಿರುವ ಸಾಧ್ಯತೆ ಹೆಚ್ಚು. ಮಾಲೂರು ಕಡೆಯ ಇಟ್ಟಿಗೆ ಗೂಡಿನಲ್ಲೋ ಜಲ್ಲಿ ಕ್ರಷರಿನಲ್ಲೋ ದುಡಿದ ಗಾಡಿಗೆ ಸದಾ ಧೂಳು, ಸದಾ ಮಿತಿಮೀರಿದ ಲೋಡು. ಎಲ್ಲದಕ್ಕಿಂತ ವಾಸಿ, ಸ್ವಂತ ಹೊಲ ಉಳುತ್ತಿದ್ದ ಒಬ್ಬರೇ ಮಾಲೀಕರ ಗಾಡಿ. ಬಣ್ಣ ಮಾಸಿದ್ದರೂ ಅದನ್ನೇ ಆರಿಸಿ. ಮಾರುವ ಮುನ್ನ ಹೊಸ ಬಣ್ಣ ಹೊಡೆಸಿದ ಗಾಡಿಯಲ್ಲಿ ಬಿರುಕು, ಸೋರಿಕೆ ಎರಡೂ ಬಣ್ಣದಡಿ ಅಡಗಿರುತ್ತವೆ.

ತಣ್ಣಗಿದ್ದಾಗ ಎಂಜಿನ್ ನೋಡಿ

ಬೆಳಿಗ್ಗೆ ಹೇಳದೆ ಹೋಗುವುದು ಒಳ್ಳೆಯದು. ಬಾನೆಟ್ ಪಕ್ಕ ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಓಡಿಸಿಟ್ಟಿದ್ದಾರೆ, ತಣ್ಣಗೆ ಸ್ಟಾರ್ಟ್ ಆಗದಿರುವುದನ್ನು ಮುಚ್ಚಿಡಲು ಇರಬಹುದು.

ಆಯಿಲ್ ಗೇಜ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಳ್ಳಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಆಯಿಲ್‌ಗೆ ನೀರು ಸೇರಿದೆ. ಮಟ್ಟ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬಂದರೆ ಪಂಪಿನ ಕಡೆಯಿಂದ ಡೀಸೆಲ್ ಇಳಿಯುತ್ತಿದೆ. ತೀರಾ ಅಂಟಾಗಿ ಎಳೆ ಎಳೆಯಾಗಿ ಇಳಿದರೆ ಹೊಗೆ ಮುಚ್ಚಲು ಗೇರ್ ಆಯಿಲ್ ಬೆರೆಸಿರುವ ಅನುಮಾನ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ.

ಸ್ಟಾರ್ಟ್ ಮಾಡಿ. ಮೊದಲ ಒಂದು ನಿಮಿಷ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ: ಪಿಸ್ಟನ್ನಿನ ರಿಂಗ್, ಸಿಲಿಂಡರಿನ ಲೈನರ್ ಸವೆದಿವೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರುವುದು ಅಥವಾ ಡೀಸೆಲ್ ಸಿಂಪಡಿಸುವ ನಾಝಲ್ ಕೆಟ್ಟಿರುವುದು ಕಾರಣವಿರಬಹುದು, ಅದು ಕಡಿಮೆ ಖರ್ಚಿನ ಕೆಲಸ. ಇನ್ನೊಂದು ಪರೀಕ್ಷೆ ಬಿಡಲೇಬೇಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹುಯ್ಯುವ ಮುಚ್ಚಳವನ್ನು ತಿರುಗಿಸಿ, ಬಾಯಿಯ ಮೇಲೆ ಸುಮ್ಮನೆ ಇಡಿ. ಅಲ್ಲಾಡದೆ ಕೂತರೆ, ಸ್ವಲ್ಪ ನಡುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸುಬುಸು ಹೊಗೆ ಬಂದರೆ, ಪಿಸ್ಟನ್ ಮೇಲಿನ ಒತ್ತಡ ಕೆಳಗೆ ಸೋರುತ್ತಿದೆ. ಅಂಥ ಗಾಡಿಯ ಬೆಲೆಯಿಂದ ಎಂಜಿನ್ ಕೆಲಸದ ಪೂರ್ತಿ ಖರ್ಚು ಕಳೆದು ಮಾತಾಡಿ, ಇಲ್ಲ ಬಿಟ್ಟು ಬನ್ನಿ.

ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ನಿಧಾನ ವೇಗದಲ್ಲಿ ಆಯಿಲ್ ಪ್ರೆಷರ್ ಗಮನಿಸಿ. ದೀಪ ಮಿಣುಕಿದರೆ ಬೇರಿಂಗ್ ಸವೆದಿರಬಹುದು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಮುಖ ಸುಟ್ಟೀತು.

ಕ್ಲಚ್ ಮತ್ತು ಗೇರು

ಟ್ರ್ಯಾಕ್ಟರಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಗಾಡಿಯನ್ನೇ ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಪ್ಲೇಟಿನ ಬೆಲೆಯ ಜೊತೆಗೆ ಕೂಲಿಯೂ ಬೀಳುತ್ತದೆ.

ಸಮತಟ್ಟಾದ ಬಯಲಿನಲ್ಲಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಎರಡೂ ಬ್ರೇಕ್ (ಎಡ, ಬಲ ಹಿಂದಿನ ಚಕ್ರಕ್ಕೆ ಬೇರೆ ಬೇರೆ ಪೆಡಲ್) ಗಟ್ಟಿಯಾಗಿ ಒತ್ತಿ ಹಿಡಿದು ಹೈ ಗೇರ್ ಹಾಕಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಕುಗ್ಗಿ ಆಫ್ ಆಗಬೇಕು. ಗಾಡಿ ನಿಂತೇ ಇದ್ದು ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಗಾಡಿಯೇ ಮುಂದೆ ಸರಿದರೆ ಬ್ರೇಕ್ ಹಿಡಿಯುತ್ತಿಲ್ಲ. ಈ ಪರೀಕ್ಷೆ ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ.

ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುವ ರೋಗ ಉಳುಮೆಯಲ್ಲಿ ಬರೀ ಕಿರಿಕಿರಿ, ಟ್ರೈಲರ್ ಎಳೆಯುವಾಗ ಮೃತ್ಯು. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ಆಗ ಗೇರ್ ಹಾರಿದರೆ 5 ಟನ್ ಹಿಂದಿನಿಂದ ತಳ್ಳಲು ಶುರುಮಾಡುತ್ತದೆ. ಖಾಲಿ ಗಾಡಿಯನ್ನು ಕೆರೆ ಏರಿಯ ಇಳಿಜಾರಿಗೆ ಒಯ್ದು, ಪ್ರತಿ ಗೇರಿನಲ್ಲೂ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಸಿ. ಗೇರ್ ಲಿವರ್ ಹಿಡಿದುಕೊಳ್ಳಬೇಡಿ. ಒಂದೇ ಒಂದು ಗೇರ್ ಹಾರಿದರೂ ಆ ಗಾಡಿ ಟ್ರೈಲರಿಗೆ ಬೇಡ.

ಬ್ರೇಕು

ಹಳೆ ಗಾಡಿಗಳಲ್ಲಿ ಒಣ ಬ್ರೇಕ್, ಈಚಿನವುಗಳಲ್ಲಿ ಆಯಿಲ್‌ನಲ್ಲಿ ಮುಳುಗಿರುವ ಬ್ರೇಕ್. ಟ್ರೈಲರ್ ಕೆಲಸಕ್ಕೆ ಎರಡನೆಯದು ಮೇಲು: ಬೇಗ ಸವೆಯುವುದಿಲ್ಲ, ಧೂಳು ನೀರು ಒಳಗೆ ಹೋಗುವುದಿಲ್ಲ. ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ನೋಡಿ. ಒಣ ಬ್ರೇಕಿನಲ್ಲಿ ಕಾಡುವ ತೊಂದರೆ ಆಕ್ಸಲ್ ಸೀಲ್ ಸೋರಿ ಲೈನಿಂಗ್ ಮೇಲೆ ಆಯಿಲ್ ಬೀಳುವುದು. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿ ಮಣ್ಣು ಮೆತ್ತಿಕೊಂಡಿದ್ದರೆ ಅದೇ ಗುರುತು. ಆ ಕಡೆಯ ಬ್ರೇಕ್ ಎಷ್ಟು ಬಿಗಿ ಮಾಡಿಸಿದರೂ ಹಿಡಿಯದು.

ಎರಡು ಪೆಡಲ್ ಜೋಡಿಸುವ ಲಾಕ್ ಪಟ್ಟಿ ಇದೆಯೇ ನೋಡಿ. ಕಳೆದುಹೋಗಿದ್ದರೆ ಹೊಸದು ಹಾಕಿಸದೆ ರಸ್ತೆಗೆ ಇಳಿಸಬೇಡಿ. ಟ್ರೈಲರ್ ಇರುವಾಗ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಆ ಕಡೆ ತಿರುಗುತ್ತದೆ, ಹಿಂದಿನ ಲೋಡು ಪಕ್ಕದಿಂದ ತಳ್ಳಿ ಮಗುಚಿಬಿಡುತ್ತದೆ. ಲಾಕ್ ಹಾಕಿ, ಸಡಿಲ ಮಣ್ಣಿನ ಬಯಲಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಬಂದು ಜೋರಾಗಿ ಒತ್ತಿ. ಇಳಿದು ಚಕ್ರ ಉಜ್ಜಿದ ಎರಡು ಗೆರೆಗಳನ್ನು ಹೆಜ್ಜೆ ಹಾಕಿ ಅಳೆಯಿರಿ. ಎರಡೂ ಸಮವಿರಬೇಕು. ಪರೀಕ್ಷೆಯ ಹೊತ್ತಿನಲ್ಲಿ ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ.

ಕೊಂಡಿ, ಟ್ರೈಲರು

ಗಾಡಿಯ ಹಿಂದೆ ಕೂತು, ಗ್ರೀಸು ಮಣ್ಣು ಬಟ್ಟೆಯಿಂದ ಒರೆಸಿ ಕೊಂಡಿಯ ಕಬ್ಬಿಣ ನೋಡಿ. ಪಿನ್ ಕೂರುವ ತೂತು ದುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಪಿನ್ನಿಗೆ ಹೊಡೆತ ಬೀಳುತ್ತದೆ, ಒಂದು ದಿನ ಮುರಿಯುತ್ತದೆ. ಕೊಂಡಿಯ ಚೌಕಟ್ಟು ಹಿಂದಿನ ಹೌಸಿಂಗಿಗೆ (ಗೇರು, ಆಕ್ಸಲ್ ಇರುವ ಕಬ್ಬಿಣದ ಪೆಟ್ಟಿಗೆ) ಕೂರುವ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು, ಹೊಸ ವೆಲ್ಡಿಂಗ್ ಇದೆಯೇ ಟಾರ್ಚ್ ಹಿಡಿದು ನೋಡಿ. ಹೌಸಿಂಗ್ ಬಿರುಕು ಬಿಟ್ಟಿದ್ದರೆ ಮಾತು ಮುಗಿಸಿ ಎದ್ದುಬನ್ನಿ. ಕಬ್ಬಿಣದ ಕಡ್ಡಿ ಕತ್ತರಿಸಿ ಮಾಡಿದ ಪಿನ್ ಇದ್ದರೆ ಎಸೆದು, ಗಟ್ಟಿ ಉಕ್ಕಿನದನ್ನು ಲಾಕ್ ಸಮೇತ ಕೊಳ್ಳಿ, ಜೊತೆಗೆ ಒಂದು ಸರಪಳಿಯನ್ನೂ.

ಟ್ರೈಲರನ್ನು ಯಾವಾಗಲೂ ಕೆಳಗಿನ ಕೊಂಡಿಗೇ ಹಾಕಬೇಕು. ನೇಗಿಲಿನಂಥ ಸಾಧನವನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕ್ ಕೂರುವ ಜಾಗಕ್ಕೆ ಕಟ್ಟಿ ಎಳೆದರೆ ಎಳೆತ ಆಕ್ಸಲ್‌ಗಿಂತ ಮೇಲೆ ಬಿದ್ದು ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಇಳಿದು ಓಡಲೂ ಸಮಯವಿರದು. ಎರಡು ಚಕ್ರದ ಟ್ರೈಲರಾದರೆ ಲೋಡು ಆಕ್ಸಲ್‌ಗಿಂತ ತುಸು ಮುಂದಕ್ಕೆ ಬರುವಂತೆ ತುಂಬಿ. ಹಿಂದಕ್ಕೆ ಹೆಚ್ಚಾದರೆ ಕೊಂಡಿಯನ್ನು ಮೇಲೆತ್ತಿ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಿಡಿತ ಕಳೆಯುತ್ತದೆ, ಮುಂದಕ್ಕೆ ಅತಿಯಾದರೆ ಸ್ಟೇರಿಂಗ್ ಹಗುರವಾಗುತ್ತದೆ. ಟ್ಯಾಂಕರಿನಲ್ಲಿ ಒಳಗೆ ಅಡ್ಡತಗಡುಗಳಿವೆಯೇ ಕೇಳಿ. ಅವಿಲ್ಲದ ಟ್ಯಾಂಕರ್ ಅರ್ಧ ತುಂಬಿದಾಗ ನೀರು ಹಿಂದೆ ಮುಂದೆ ನುಗ್ಗಿ, ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ತಳ್ಳುತ್ತದೆ.

ಟೈರ್ ವಿಷಯದಲ್ಲಿ ಗೀರಿನ ಜೊತೆಗೆ ಪಕ್ಕದ ಗೋಡೆಯ ಬಿರುಕೂ ನೋಡಿ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸಿದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು), ಬೇರಿಂಗ್ ಆಟ ತಿಳಿಯುತ್ತದೆ. ಕೊನೆಗೆ, ಸಾಧ್ಯವಿದ್ದರೆ 2 ಟನ್ ಲೋಡು ಹಾಕಿಸಿ ಒಂದು ದಿಣ್ಣೆ ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ. ಅನುಭವವಿರುವ ಚಾಲಕರೇ ಓಡಿಸಲಿ. ಇದಕ್ಕೆ ಒಪ್ಪದ ಮಾರಾಟಗಾರರು ಏನನ್ನೋ ಮುಚ್ಚಿಡುತ್ತಿದ್ದಾರೆ.

ಕಾಗದಪತ್ರ

ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ಚಾಸಿ ನಂಬರು, ಎಂಜಿನ್ ನಂಬರನ್ನು ಗಾಡಿಯ ಮೇಲಿನದಕ್ಕೆ ನೀವೇ ಹೋಲಿಸಿ. ಕಾಣದಿದ್ದರೆ ಬಣ್ಣ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ. ಟ್ರೈಲರಿಗೆ ಬೇರೆ ನೋಂದಣಿ ಇರುತ್ತದೆ, ಅದರ ಆರ್‌ಸಿಯನ್ನೂ ಕೇಳಿ. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣವಾಗಿದೆಯೇ ನೋಡಿ.

ಸಾಲದ ಗಾಡಿಗಳೇ ಹೆಚ್ಚು. ಪಿಎಲ್‌ಡಿ ಬ್ಯಾಂಕಿನದೋ ಫೈನಾನ್ಸಿನದೋ ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಆರ್‌ಸಿಯಲ್ಲಿನ ಅಡಮಾನ ನಮೂದು ತೆಗೆಸಲು ಸಾಲ ಕೊಟ್ಟವರ ಸಹಿಯಿರುವ ಫಾರಂ 35 ಬೇಕು. ಮಾರಾಟಕ್ಕೆ ಫಾರಂ 29 ಮತ್ತು 30. ಮಾಲೀಕರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ಮಗ ಒಬ್ಬ ಸಹಿ ಹಾಕಿದ ಛಾಪಾ ಕಾಗದಕ್ಕೆ ಆರ್‌ಟಿಒ ಕಚೇರಿಯಲ್ಲಿ ಬೆಲೆಯಿಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಗಡಿಯಲ್ಲಿ ಆಂಧ್ರದ ಗಾಡಿಗಳು, ಮಾಲೂರು ಕಡೆ ತಮಿಳುನಾಡಿನವು ಅಗ್ಗಕ್ಕೆ ಸಿಗುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ವಿಮೆಯಲ್ಲಿ ಟ್ರೈಲರಿನ ಹೆಸರೂ ಸೇರಿರಲಿ. ಕೃಷಿಗೆಂದು ನೋಂದಾದ ಗಾಡಿಯಲ್ಲಿ ಬಾಡಿಗೆಗೆ ಜಲ್ಲಿ ಮರಳು ಹೊಡೆದು, ಟ್ರೈಲರಿನಲ್ಲಿ ಜನ ಕೂರಿಸಿ ಅಪಘಾತವಾದರೆ ಪರಿಹಾರದ ಹೊರೆ ಮಾಲೀಕರ ತಲೆಗೇ ಬರಬಹುದು. ಬಾಡಿಗೆಗೇ ಓಡಿಸುವುದಾದರೆ ಅದಕ್ಕೆ ತಕ್ಕ ನೋಂದಣಿ ಮಾಡಿಸಿಕೊಳ್ಳಿ.

ಮನೆಗೆ ತಂದ ಮೇಲೆ

ಹಿಂದಿನವರು ಯಾವಾಗ ಬದಲಿಸಿದರೆಂದು ಕೇಳುತ್ತ ಕೂರದೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗೇರ್‌ಬಾಕ್ಸ್ ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಗೇರ್‌ಬಾಕ್ಸಿನ ಹಳೆ ಆಯಿಲನ್ನು ಅಗಲ ಬೋಗುಣಿಗೆ ಇಳಿಸಿ, ತಳದಲ್ಲಿ ಅಯಸ್ಕಾಂತ ಆಡಿಸಿ. ನುಣ್ಣನೆ ಬೂದುಬಣ್ಣದ ಪುಡಿ ಅಂಟಿದರೆ ಅದು ಮಾಮೂಲು ಸವೆತ. ಚೂರುಗಳು, ಹಲ್ಲಿನ ತುಂಡು ಸಿಕ್ಕರೆ ಲೋಡು ಹಾಕುವ ಮೊದಲು ಗೇರ್‌ಬಾಕ್ಸ್ ಬಿಚ್ಚಿಸಿ. ಬ್ರೇಕ್ ಪೆಡಲ್‌ಗಳ ಆಟ ಸಮಮಾಡಿಸಿ, ಚಕ್ರದ ನಟ್ಟುಗಳನ್ನು ಬಿಗಿಮಾಡಿ, ಟ್ರೈಲರಿನ ಹಿಂದೆ ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಪಟ್ಟಿ ಹಾಕಿಸಿ. ಮೊದಲ 50 ಗಂಟೆ ಅರ್ಧ ಲೋಡಿನಲ್ಲೇ ಓಡಿಸಿ, ದಿನವೂ ಬೆಳಿಗ್ಗೆ ಆಯಿಲ್ ಮಟ್ಟ, ರೇಡಿಯೇಟರ್ ನೀರು, ಕೊಂಡಿಯ ಬೋಲ್ಟು ಮೂರನ್ನೂ ನೋಡಿ ಬರೆದಿಡಿ. 50 ಗಂಟೆಗೆ ನಟ್ಟು ಬೋಲ್ಟು ಮತ್ತೊಮ್ಮೆ ಬಿಗಿಮಾಡಿಸಿದ ಮೇಲೆ ಪೂರ್ತಿ ಲೋಡು ಹಾಕಬಹುದು.