ನಾಯಿಯ ಗಂಟು ತೆಗೆಸಿದ ಮೇಲೆ ಬಕೆಟ್ ಕಾಲರ್ ಇಲ್ಲದೆ ಗಾಯ ಒಣಗಿಸಿದ್ದು: ನನ್ನ ಅನುಭವ

ಪಕ್ಕೆಯ ಮೇಲೆ ಗೇಣುದ್ದದ ಗಾಯ, ಮೂವತ್ತು ಕೆಜಿ ದಾಟಿದ ಹತ್ತು ವರ್ಷದ ಲ್ಯಾಬ್ರಡಾರ್, ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆ. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಬಕೆಟ್ ಇಲ್ಲದೆ ಇದನ್ನು ಒಣಗಿಸ್ತೀನಿ ಅಂದಾಗ ಯಾರೂ ಒಪ್ಪಲಿಲ್ಲ. ಕ್ಲಿನಿಕ್ಕಿನಲ್ಲಿ ಡ್ರೆಸ್ಸಿಂಗ್ ಮಾಡುವ ಹುಡುಗ, ನಮ್ಮ ಭಾವ, ಭಾನುವಾರ ಕಬ್ಬನ್ ಪಾರ್ಕಿಗೆ ನಾಯಿ ಕರೆತರುವ ಗೆಳೆಯರು, ಎಲ್ಲರದೂ ಒಂದೇ ಮಾತು: ಎರಡೇ ದಿನಕ್ಕೆ ಹೊಲಿಗೆ ಕಿತ್ತು ಹಾಕುತ್ತೆ. ನಮ್ಮ ನಾಯಿ ಸೋನಿ ಒಂದು ಹೊಲಿಗೆಯನ್ನೂ ಕೀಳಲಿಲ್ಲ. ಡಾಕ್ಟರೇ ಗಾಯದ ಫೋಟೋ ತೆಗೆದಿಟ್ಟುಕೊಂಡರು. ಆಮೇಲೆ ಕೇಳುವವರು ಜಾಸ್ತಿಯಾದರು, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಗಂಟು ಇದ್ದದ್ದು ಎಡಗಂಕುಳಿನ ಹಿಂದೆ, ಸುಮಾರು ಒಂದೂವರೆ ಸೆಂಟಿಮೀಟರ್. ಸೂಜಿ ಹಾಕಿ ತೆಗೆದ ಸ್ಯಾಂಪಲ್ಲಿನಲ್ಲಿ ಮಾಸ್ಟ್ ಸೆಲ್ ಅಂತ ಬಂತು, ಅಂದರೆ ನಾಯಿಯ ಚರ್ಮದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಗಂಟು. ಈ ಜಾತಿಯ ಗಂಟನ್ನು ಮನೆಯಲ್ಲಿ ದಿನಾ ಒತ್ತಿ ನೋಡುವವರಿಗೆ ಒಂದು ಮಾತು: ಒತ್ತಬೇಡಿ. ಒಳಗಿನ ಹಿಸ್ಟಮಿನ್ ಅನ್ನುವ ರಾಸಾಯನಿಕ ಹೊರಬಿದ್ದು ಸುತ್ತಲೂ ಕೆಂಪಾಗಿ ಊದಿಕೊಳ್ಳುತ್ತದೆ. ಅದರಿಂದಲೇ ಆಪರೇಷನ್ನಿಗೆ ಮೊದಲೇ ಡಾಕ್ಟರು ಅಲರ್ಜಿ ಮಾತ್ರೆ, ಅಸಿಡಿಟಿ ಮಾತ್ರೆ ಎರಡನ್ನೂ ಶುರು ಮಾಡಿಸಿದ್ದರು.

ಆಪರೇಷನ್ ಆದ ಸಂಜೆ ಎಲ್ಲರೂ ಗಾಬರಿಯಾಗುವುದು ಹೊಲಿಗೆಯ ಉದ್ದ ನೋಡಿ. ಅಷ್ಟು ಪುಟ್ಟ ಗಂಟಿಗೆ ಇಷ್ಟುದ್ದ ಯಾಕೆ ಕೊಯ್ದರು ಅಂತ ನಮ್ಮಮ್ಮ ಡಾಕ್ಟರಿಗೇ ಫೋನ್ ಹಚ್ಚಲು ಹೊರಟಿದ್ದರು. ಮಾಸ್ಟ್ ಸೆಲ್ ಗಂಟಿಗೆ ಸುತ್ತಲೂ ಹೆಚ್ಚುಕಡಿಮೆ 2 ಸೆಂಟಿಮೀಟರ್ ಒಳ್ಳೆಯ ಚರ್ಮ, ಕೆಳಗೆ ಒಂದು ಪದರ ಫೇಸಿಯಾ (ಸ್ನಾಯುವಿನ ಮೇಲಿನ ತೆಳು ಪೊರೆ) ಸೇರಿಸಿಯೇ ತೆಗೆಯುತ್ತಾರೆ. ದುಂಡಗೆ ತೆಗೆದರೆ ಹೊಲಿದಾಗ ತುದಿಯಲ್ಲಿ ಚರ್ಮ ಮುದ್ದೆಯಾಗುತ್ತದೆ, ಹಾಗಾಗಿ ಅಗಲದ ಮೂರು ಪಟ್ಟು ಉದ್ದಕ್ಕೆ ಕಣ್ಣಿನ ಆಕಾರದಲ್ಲಿ ಕೊಯ್ಯುತ್ತಾರೆ. ಲೆಕ್ಕ ಹಾಕಿ ನೋಡಿ, ಒಂದೂವರೆ ಸೆಂಟಿಮೀಟರಿನ ಗಂಟಿಗೆ ಗೇಣುದ್ದದ ಹೊಲಿಗೆ ಸರಿಯಾಗಿಯೇ ಬರುತ್ತದೆ. ಚಿಕ್ಕದಾಗಿ ಕೊಯ್ದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಬಕೆಟ್ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ನಾಯಿಗೆ ವರ್ಷಗಳ ಹಿಂದೆ ಅದೇ ಹಾಕಿದ್ದೆವು. ನಮ್ಮ ಮನೆಯ ಓಣಿ ಕಿರಿದು. ತಿರುಗಿದಾಗಲೆಲ್ಲ ಗೋಡೆಗೆ ಬಡಿದು ಬೆಚ್ಚಿಬೀಳುತ್ತಿತ್ತು, ಬೆಚ್ಚಿದಾಗಲೆಲ್ಲ ಹಾರುತ್ತಿತ್ತು, ಹಾರಿದಾಗಲೆಲ್ಲ ಹೊಲಿಗೆ ಎಳೆಯುತ್ತಿತ್ತು. ಕೊನೆಗೆ ಪ್ಲಾಸ್ಟಿಕ್ಕಿನ ಅಂಚೇ ಗಾಯ ಕೆರೆಯಿತು. ಈ ಸಲ ಆಪರೇಷನ್ನಿಗೆ ಮೊದಲೇ ಗಾಳಿ ತುಂಬುವ ಟ್ಯೂಬ್ ಕಾಲರ್ ತಂದು ನೋಡಿದೆ, ಒಂಬೈನೂರರ ಹತ್ತಿರ ಆಯಿತು. ಲ್ಯಾಬಿನ ಕುತ್ತಿಗೆ ಉದ್ದ, ಅರ್ಧ ಗಂಟೆಯಲ್ಲಿ ನಾಲಿಗೆ ಪಕ್ಕೆಗೆ ಮುಟ್ಟಿತು. ಆಮೇಲೆ ಆನ್‌ಲೈನಿನಲ್ಲಿ ಎರಡು ಸಾವಿರ ಚಿಲ್ಲರೆ ಕೊಟ್ಟು ಮೈ ಮುಚ್ಚುವ ರಿಕವರಿ ಸೂಟ್ ತರಿಸಿದೆ. ಎದೆಗೆ ಸರಿಹೋದದ್ದು ಸೊಂಟಕ್ಕೆ ಸಡಿಲ, ಸೊಂಟಕ್ಕೆ ಸರಿಹೋದದ್ದು ಕಂಕುಳಲ್ಲಿ ಬಿಗಿ. ಕಂಕುಳಿನ ಪಕ್ಕದಲ್ಲೇ ಗಾಯ ಇರುವಾಗ ಬಿಗಿ ಬಟ್ಟೆ ಹೇಗಾದೀತು? ಮಗನ ಹಳೆಯ ಟೀ ಶರ್ಟಿನಲ್ಲಿ ತಲೆ ತೂರಿಸಿ, ತೋಳಿನಲ್ಲಿ ಮುಂಗಾಲು ಹಾಕಿ, ಬೆನ್ನ ಮೇಲೆ ಗಂಟು ಕಟ್ಟಿದೆ. ಇದು ಬಹಳ ಜನ ಮಾಡುತ್ತಾರೆ. ಆದರೆ ಎದ್ದು ಕೂತಾಗ ಹಿಂದಿನಿಂದ ಮೇಲೇರುತ್ತದೆ, ಉಚ್ಚೆಗೆ ಕೂತಾಗ ಒದ್ದೆಯಾಗುತ್ತದೆ, ಒದ್ದೆ ಬಟ್ಟೆ ಗಾಯಕ್ಕೆ ಅಂಟಿಕೊಳ್ಳುತ್ತದೆ.

ಕೊನೆಗೆ ಚಿಕ್ಕಪೇಟೆಯಿಂದ ಬಿಳಿ ಬನಿಯನ್ ಬಟ್ಟೆ ತಂದು ರಾಜಾಜಿನಗರದ ನಮ್ಮ ಟೈಲರ್ ಹತ್ತಿರ ಕೂತು ಮೂರು ಅಂಗಿ ಹೊಲಿಸಿದೆ. ಹೊಲಿಗೆ ಕೂಲಿ ಒಂದಕ್ಕೆ ನೂರೈವತ್ತೋ ನೂರೆಂಬತ್ತೋ. ಬಟ್ಟೆ ಸೇರಿ ಮೂರಕ್ಕೂ ಎಂಟುನೂರು ದಾಟಲಿಲ್ಲ. ಹಿಂಭಾಗದ ಕತ್ತರಿ ಹೇಗಿರಬೇಕು, ಹೆಣ್ಣುನಾಯಿಗೆ ಒದ್ದೆಯಾಗದಂತೆ ಎಲ್ಲಿ ತೆರೆಯಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನೂ ಟೈಲರೂ ಒಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು, ಈಗ ಅವರಿಗೆ ಅದರಿಂದ ನಾಲ್ಕು ಕಾಸು ಬರುತ್ತಿದೆ. ಬಟ್ಟೆಯ ಬಗ್ಗೆ ಮಾತ್ರ ಹೇಳುತ್ತೇನೆ: ಕಂಕುಳಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು, ದಿನಕ್ಕೊಂದು ಬದಲಿಸಬೇಕು, ಬಣ್ಣ ಬಿಳಿಯೇ ಇರಬೇಕು.

ಬಿಳಿ ಯಾಕೆ ಅಂದರೆ ಕಲೆ ಕಾಣಲಿ ಅಂತ. ಮೊದಲ ರಾತ್ರಿ ಗಾಯದ ಕೆಳತುದಿಯಲ್ಲಿ ತಿಳಿಗೆಂಪು ನೀರಿನ ಕಲೆ ಮೂಡಿತು, ಎಂಟಾಣೆಯಷ್ಟು. ಬಾಲ್‌ಪೆನ್ನಿನಲ್ಲಿ ಅದರ ಅಂಚಿಗೆ ಸುತ್ತು ಹಾಕಿ ಪಕ್ಕದಲ್ಲಿ ಗಂಟೆ ಬರೆದೆ. ಎರಡು ತಾಸು ಬಿಟ್ಟು ಮತ್ತೆ ನೋಡಿದರೆ ಕಲೆ ಗೆರೆ ದಾಟಿ ಬೆರಳಗಲವೂ ಹೋಗಿರಲಿಲ್ಲ, ಅಂಚು ಒಣಗಿ ಕಂದು ತಿರುಗಿತ್ತು. ರಾತ್ರಿ ಹನ್ನೊಂದಕ್ಕೆ ಎಮರ್ಜೆನ್ಸಿಗೆ ಓಡಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಕಲೆ ಗೆರೆ ದಾಟಿ ಹರಡುತ್ತಲೇ ಇದ್ದರೆ, ರಕ್ತ ತೊಟ್ಟಿಕ್ಕಿದರೆ, ಒಸಡು ಬಿಳಿಚಿಕೊಂಡರೆ ಗಂಟೆ ನೋಡದೆ ಹೊರಡಿ.

ನಾಲ್ಕನೆಯ ದಿನವೋ ಐದನೆಯದೋ ಗಾಯದ ಕೆಳಗೆ ಮೆತ್ತಗೆ ಊದಿಕೊಂಡಿತು. ಮುಟ್ಟಿದರೆ ಒಳಗೆ ನೀರು ಅಲುಗಾಡುತ್ತಿತ್ತು. ಸೆರೋಮ. ಕಂಕುಳಿನ ಹತ್ತಿರ ಚರ್ಮ ಸದಾ ಜರುಗುವ ಜಾಗ, ಒಳಗೆ ಖಾಲಿಯಾದ ಕಡೆ ನೀರು ತುಂಬಿಕೊಳ್ಳುವುದು ಮಾಮೂಲು. ಗಂಟು ಮತ್ತೆ ಬಂತು ಅಂತ ಮನೆಯಲ್ಲಿ ಅಳು. ಅಷ್ಟು ಬೇಗ ಗಂಟು ಬೆಳೆಯುವುದಿಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಸಿರಿಂಜಿನಲ್ಲಿ ಎಳೆಸಿಬಿಡಿ ಅಂದವರು ಬಹಳ. ನಮ್ಮ ಹಳೆಯ ನಾಯಿಗೆ ಒಂದು ಕ್ಲಿನಿಕ್ಕಿನಲ್ಲಿ ಹಾಗೇ ಎಳೆದಿದ್ದರು. ಎರಡೇ ದಿನಕ್ಕೆ ಮತ್ತೆ ತುಂಬಿತು, ಮತ್ತೆ ಎಳೆದರು, ಮೂರನೇ ಸಲಕ್ಕೆ ಕೀವು. ಆಂಟಿಬಯಾಟಿಕ್, ಡ್ರೆಸ್ಸಿಂಗ್, ಮರುಹೊಲಿಗೆ ಎಲ್ಲ ಸೇರಿ ಆಗಿನ ಕಾಲಕ್ಕೇ ಹದಿನೈದು ಸಾವಿರ ಹೋಯಿತು.

ಈ ಸಲ ಸೂಜಿ ಮುಟ್ಟಿಸಲೇ ಇಲ್ಲ, ಡಾಕ್ಟರೂ ಅದನ್ನೇ ಹೇಳಿದರು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟಿದ್ದೆವು, ಊತ ಬಂದ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಹಿತವಾದ ಶಾಖ, ಗಾಯಕ್ಕೆ ನೀರು ತಾಗದಂತೆ, ದಿನಕ್ಕೆ ಎರಡು ಮೂರು ಸಲ. ಉಳಿದದ್ದೆಲ್ಲ ಓಡಾಟ ನಿಲ್ಲಿಸುವುದು. ಊತ ತಣ್ಣಗಿದೆಯಾ, ಮುಟ್ಟಿದರೆ ನೋವಿಲ್ಲವಾ, ಊಟ ಮಾಡ್ತಿದೆಯಾ, ಇಷ್ಟಿದ್ದರೆ ಕಾಯಬಹುದು. ಬಿಸಿಯಾಗಿ ಕೆಂಪೇರಿದರೆ, ವಾಸನೆ ಬಂದರೆ, ಹೊಲಿಗೆ ಬಾಯಿ ಬಿಟ್ಟರೆ ಕಾಯಬೇಡಿ. ಥರ್ಮಾಮೀಟರ್ ಮನೆಯಲ್ಲಿರಲಿ, ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ, ಮನುಷ್ಯರ ಲೆಕ್ಕ ಹಿಡಿದು ಜ್ವರ ಅಂದುಕೊಳ್ಳಬೇಡಿ. ಊತ ಸುಮಾರು ಎರಡು ವಾರದಲ್ಲಿ ತಾನೇ ಇಳಿಯಿತು.

ಓಡಾಟ ನಿಲ್ಲಿಸುವುದು ಅಂತ ಒಂದು ಮಾತಲ್ಲಿ ಬರೆದೆ, ನಿಜಕ್ಕೂ ಬೆವರು ಇಳಿಸಿದ್ದು ಅದೇ. ಮೂರು ಮಹಡಿ ಮೆಟ್ಟಿಲು. ದಪ್ಪ ಜಮಖಾನದಲ್ಲಿ ಮಲಗಿಸಿ ನಾನೂ ಮಗನೂ ಹಿಡಿದು ಇಳಿಸುವುದು, ಹತ್ತಿಸುವುದು. ಮೊದಲ ವಾರ ಬೆನ್ನು ಮುರಿಯಿತು. ಆಮೇಲೆ ಕೆಳಗಿನ ಓನರ್ ಪುಣ್ಯಾತ್ಮರು ತಮ್ಮ ಗ್ಯಾರೇಜಿನ ಮೂಲೆ ಬಿಟ್ಟುಕೊಟ್ಟರು. ಹಳೆಯ ಮಂಚದ ಹಲಗೆ ಅಡ್ಡ ಇಟ್ಟು ಅಲ್ಲೇ ಹಾಸಿಗೆ ಹಾಕಿದೆವು, ರಾತ್ರಿ ಸರದಿಯಲ್ಲಿ ಒಬ್ಬರು ಅಲ್ಲೇ ಮಲಗುವುದು. ಆಪರೇಷನ್ ದಿನಾಂಕವನ್ನೂ ಲೆಕ್ಕ ಹಾಕಿಯೇ ಗೊತ್ತು ಮಾಡಿದ್ದೆ, ದೀಪಾವಳಿಯ ಪಟಾಕಿಗೆ ಮೊದಲೇ ಹೊಲಿಗೆ ಬಿಚ್ಚುವಂತೆ. ಲಕ್ಷ್ಮೀಪಟಾಕಿ ಸದ್ದಿಗೆ ಹಾರುವ ನಾಯಿಗೆ ಯಾವ ಅಂಗಿಯೂ ಕೆಲಸ ಮಾಡುವುದಿಲ್ಲ. ಆಟೋದವರು ನಾಯಿ ಅಂದರೆ ನಿಲ್ಲಿಸುವುದಿಲ್ಲ, ಪೆಟ್ ಟ್ಯಾಕ್ಸಿಗೆ ಒಂದು ಸಲಕ್ಕೆ ಏಳೆಂಟು ನೂರು. ಇದನ್ನು ಖರ್ಚಿಗೆ ಸೇರಿಸಿಕೊಳ್ಳಿ, ಬಹಳ ಜನ ಮರೆಯುತ್ತಾರೆ.

ರಾತ್ರಿ ಹಿಂಗಾಲಲ್ಲಿ ಕೆರೆಯುವುದಕ್ಕೆ ಒಂದು ಪ್ರಯೋಗ ಮಾಡಿದೆ: ಮಗಳ ಭರತನಾಟ್ಯದ ಗೆಜ್ಜೆಯಿಂದ ನಾಲ್ಕು ಕಾಳು ಬಿಚ್ಚಿ, ಹಳೆಯ ಕಾಲುಚೀಲಕ್ಕೆ ಹೊಲಿದು, ಎಡ ಹಿಂಗಾಲಿಗೆ ಹಾಕಿದೆ. ಕೆರೆಯಲು ಕಾಲೆತ್ತಿದ ಕೂಡಲೇ ಸದ್ದು, ನಮಗೆ ಎಚ್ಚರ. ಸೋನಿಯೂ ಸದ್ದಿಗೆ ನಿಲ್ಲಿಸಿ ಕಾಲು ನೋಡುತ್ತಿದ್ದಳು. ಒಂದು ವಾರ ಅದ್ಭುತವಾಗಿ ನಡೆಯಿತು. ಅರಿಶಿನದ ಪ್ರಯೋಗವೂ ಆಗಿದೆ, ಸೋನಿಯ ಮೇಲಲ್ಲ, ಮನೆಯ ಇನ್ನೊಂದು ನಾಯಿಯ ಸಣ್ಣ ತರಚಿನ ಮೇಲೆ. ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದ್ದೇ ತಡ, ರುಚಿ ಹತ್ತಿ ನೆಕ್ಕಿ ನೆಕ್ಕಿ ತರಚನ್ನು ಹುಣ್ಣು ಮಾಡಿಕೊಂಡಿತು. ಹೊಲಿಗೆಯ ಮೇಲೆ ಅರಿಶಿನ, ಬೇವಿನೆಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಒಣಗಿದ್ದು ಒಣಗಿರಲಿ. ಅನಸ್ತೇಷಿಯಾ ಆದ ಮೇಲೆ ಮಲಬದ್ಧತೆ ಆಯಿತು, ರಾಗಿ ಅಂಬಲಿಗೆ ಬೇಯಿಸಿದ ಸಿಹಿಗುಂಬಳ ಕಿವುಚಿ ಹಾಕಿದೆ, ಎರಡನೇ ದಿನ ಸರಿಹೋಯಿತು. ಮಾತ್ರೆ ಉಗುಳುವ ಸೋನಿಗೆ ಹದಿನಾಲ್ಕು ದಿನವೂ ಮಾತ್ರೆ ನುಂಗಿಸಿದ ಉಪಾಯ ಇನ್ನೊಂದಿದೆ, ಅದು ನಮ್ಮ ಮನೆಯ ಗುಟ್ಟು.

ಮಾತ್ರೆ ವಿಷಯದಲ್ಲಿ ಗುಟ್ಟಿಲ್ಲದ್ದು ಎರಡು. ನೋವು ಅಂತ ಮನೆಯಲ್ಲಿರುವ ಐಬುಪ್ರೊಫೆನ್ ಕೊಡಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಇನ್ನು ಮೆಲಾಕ್ಸಿಕಾಮ್ ಅನ್ನುವ ನೋವಿನ ಔಷಧಿ ನಡೆಯುತ್ತಿರುವಾಗ ಬೇರೆ ಡಾಕ್ಟರು ತುರಿಕೆಗೆ ಸ್ಟೆರಾಯ್ಡ್ ಬರೆದರೆ, ಎರಡೂ ಚೀಟಿ ಒಬ್ಬರಿಗೇ ತೋರಿಸಿ. ಎರಡು ಸೇರಿದರೆ ಕರುಳಿಗೆ ಆಪತ್ತು. ಮಲ ಟಾರಿನಂತೆ ಕಪ್ಪಾದರೆ ಅದೇ ದಿನ ಓಡಿ.

ಖರ್ಚು ನೆನಪಿದ್ದಷ್ಟು: ಸೂಜಿ ಪರೀಕ್ಷೆ ಸಾವಿರದ ಇನ್ನೂರು, ರಕ್ತ ಪರೀಕ್ಷೆ ಎಕ್ಸ್‌ರೇ ನಾಲ್ಕು ಸಾವಿರದ ಸುಮಾರು, ಆಪರೇಷನ್ ಇಪ್ಪತ್ತೆಂಟು ಸಾವಿರ, ಬಯಾಪ್ಸಿ ಮೂರು ಸಾವಿರ, ಔಷಧಿ ಎರಡೂವರೆ. ದುಡ್ಡಿನ ತಾಪತ್ರಯ ಇರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಖಾಸಗಿಯ ಮುಂದೆ ಅಲ್ಲಿ ಬಹಳ ಕಮ್ಮಿ, ಬೆಳಿಗ್ಗೆ ಬೇಗ ಹೋಗಿ ಸಾಲು ಹಿಡಿಯಿರಿ.

ಎಲ್ಲಿ ಬೇಕಾದರೂ ಉಳಿಸಿ, ಆ ಬಯಾಪ್ಸಿಯ ಮೂರು ಸಾವಿರದಲ್ಲಿ ಮಾತ್ರ ಉಳಿಸಬೇಡಿ. ಗಂಟು ಹೋಯಿತಲ್ಲ, ಮತ್ತೆ ಯಾಕೆ ಅಂತ ಕೇಳುವವರೇ ಜಾಸ್ತಿ. ತೆಗೆದ ಗಂಟನ್ನು ಅದರ ಹತ್ತು ಪಟ್ಟು ಫಾರ್ಮಲಿನ್ನಿನಲ್ಲಿ (ಕೆಡದಂತೆ ಇಡುವ ದ್ರಾವಣ, ಶೇಕಡಾ 10ರದ್ದು) ಮುಳುಗಿಸಿ, ಇಡಿಯಾಗಿ, ಅಂಚಿಗೆ ಗುರುತು ಹಾಕಿ ಪರೀಕ್ಷೆಗೆ ಕಳಿಸಲು ಆಪರೇಷನ್ನಿಗೆ ಮೊದಲೇ ಹೇಳಿಡಿ. ಒಂದು ತುಂಡು ಮಾತ್ರ ಕಳಿಸಿದರೆ ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಯಾರೂ ಹೇಳಲಾರರು. ರಿಪೋರ್ಟಿನಲ್ಲಿ ಎರಡು ಲೆಕ್ಕ ಇರುತ್ತದೆ: 1984ರ ಪಟ್ನಾಯಕ್ ಪದ್ಧತಿಯ ಒಂದು, ಎರಡು, ಮೂರು ಗ್ರೇಡು, 2011ರ ಕಿಯುಪೆಲ್ ಪದ್ಧತಿಯ ಲೋ (ಅಪಾಯ ಕಮ್ಮಿ) ಅಥವಾ ಹೈ (ಅಪಾಯ ಹೆಚ್ಚು). ಸೋನಿಯದು ಗ್ರೇಡ್ ಎರಡು, ಲೋ, ಅಂಚು ಸ್ವಚ್ಛ. ಬರೀ ಎರಡು ಅಂತ ಓದಿ ಎದೆಯೊಡೆದುಕೊಳ್ಳುವವರು ಪಕ್ಕದಲ್ಲಿ ಲೋ ಇದೆಯೋ ಹೈ ಇದೆಯೋ ನೋಡಿ. ಎರಡರಲ್ಲೇ ಲೋ ಆದವೂ ಇವೆ, ಹೈ ಆದವೂ ಇವೆ, ಮುಂದಿನ ದಾರಿ ಪೂರ್ತಿ ಬೇರೆ. ಹೈ ಬಂದಿದ್ದರೆ ಹತ್ತಿರದ ಲಿಂಫ್ ಗ್ರಂಥಿಯ ಪರೀಕ್ಷೆ, ವಿನ್‌ಬ್ಲಾಸ್ಟಿನ್, ಪ್ರೆಡ್ನಿಸೊಲೋನ್ ಅಂತ ಕೀಮೋ ಔಷಧಿಗಳ ಮಾತು ಶುರುವಾಗುತ್ತಿತ್ತು. ನಮಗೆ ಕೀಮೋ ಬೇಕಾಗಲಿಲ್ಲ.

ಒಂದು ಮಾಸ್ಟ್ ಸೆಲ್ ಬಂದ ನಾಯಿಗೆ ಬೇರೆ ಕಡೆ ಹೊಸದು ಬರಬಹುದು, ಅದಕ್ಕೆ ಎಸ್‌ಪಿ ರೋಡಿನಿಂದ ಇನ್ನೂರೈವತ್ತರ ಒಂದು ವರ್ನಿಯರ್ ಕ್ಯಾಲಿಪರ್ ತಂದಿಟ್ಟಿದ್ದೇನೆ. ಹಾಳೆಯ ಮೇಲೆ ನಾಯಿಯ ಎರಡೂ ಪಕ್ಕದ ಚಿತ್ರ, ಪ್ರತಿ ಗಂಟಿಗೂ ನಂಬರ್, ತಿಂಗಳಿಗೊಮ್ಮೆ ಅಳತೆ. ಈಗ ಎದೆಯ ಮೇಲೆ ಒಂದು ಮೆತ್ತನೆಯದು ಇದೆ, 14 ಮಿಲಿಮೀಟರ್. ಮುಟ್ಟಿಯೇ ಕೊಬ್ಬಿನ ಗಂಟು ಅಂದವರಿದ್ದರು, ನಾನು ಸೂಜಿ ಹಾಕಿಸಿಯೇ ಬಿಟ್ಟೆ. ಮಾಸ್ಟ್ ಸೆಲ್ ಕೂಡ ಕೈಗೆ ಹಾಗೇ ಮೆತ್ತಗೆ ಸಿಗಬಹುದು. ಇದು ಕೊಬ್ಬೇ ಅಂತ ಬಂತು, ತೆಗೆಸುತ್ತಿಲ್ಲ.

ಅಂಗಿಯ ಉಪಾಯ ಎದೆ, ಹೊಟ್ಟೆ, ಪಕ್ಕೆ, ಬೆನ್ನಿಗೆ ಮಾತ್ರ. ಪಾದ, ಮುಖ, ಬಾಲದ ಬುಡದ ಗಾಯಕ್ಕೆ ಬಕೆಟ್ಟೇ ಗತಿ, ಅದಕ್ಕೆ ನನ್ನ ಹತ್ತಿರ ಬೇರೆ ದಾರಿ ಇಲ್ಲ. ಬೇಕಾದವರು ಕುತ್ತಿಗೆಯ ಸುತ್ತಳತೆ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಸೊಂಟ, ಕುತ್ತಿಗೆಯಿಂದ ಬಾಲದ ಬುಡದವರೆಗಿನ ಉದ್ದ, ನಾಯಿ ನಿಂತಿರುವಾಗ ಅಳೆದು ಆಪರೇಷನ್ನಿಗೆ ಒಂದು ವಾರ ಮೊದಲೇ ಕೊಡಿ, ಹೊಲಿಸಿಕೊಡುತ್ತೇನೆ.