ಆನೆಗೊಂದಿಯಲ್ಲಿ ಎರಡು ದಿನಗಳ ತುರ್ತು ಚಿಕಿತ್ಸಾ ಸಿಎಂಇ: ಏರ್ಪಡಿಸುವುದು ಹೇಗೆ?

ಪದವಿ ಕೈಗೆ ಬಂದ ಮೇಲೂ ವೈದ್ಯರು ಕಲಿಯುತ್ತಲೇ ಇರಬೇಕೆಂಬುದನ್ನು ಕಾನೂನೇ ಹೇಳುತ್ತದೆ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಿಗೊಮ್ಮೆ ಕನಿಷ್ಠ 30 ಗಂಟೆಗಳ ಮುಂದುವರಿದ ವೈದ್ಯಕೀಯ ಶಿಕ್ಷಣವನ್ನು, ಅಂದರೆ ಎಲ್ಲರೂ ಸಿಎಂಇ ಎಂದು ಕರೆಯುವ ತರಬೇತಿಯನ್ನು ಪಡೆಯಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಬಹುತೇಕ ವೈದ್ಯರು ಈ ಗಂಟೆಗಳಿಗಾಗಿ ಬೆಂಗಳೂರಿನ ಇಲ್ಲವೇ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಬಳ್ಳಾರಿಯಲ್ಲಿ 1961ರಿಂದಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ರಾಯಚೂರಿನ ರಿಮ್ಸ್ 2007ರಲ್ಲಿ ಮತ್ತು ಕೊಪ್ಪಳದ ಕಿಮ್ಸ್ 2015ರಲ್ಲಿ ಆರಂಭವಾಗಿವೆ. ಕಲಿಸಬಲ್ಲವರು ನಮ್ಮಲ್ಲೇ ಇದ್ದಾರೆ. ಕಲಿಯಲು ನೆಮ್ಮದಿಯ ಜಾಗವೂ ಗಂಗಾವತಿಯ ಮಗ್ಗುಲಲ್ಲೇ, ಬಂಡೆಗುಡ್ಡಗಳ ನಡುವಿನ ಆನೆಗೊಂದಿ ಮತ್ತು ಸಾಣಾಪುರ ಕೆರೆಯ ಆಸುಪಾಸಿನಲ್ಲಿ ಇದೆ.

ಆಸ್ಪತ್ರೆಯ ಸಭಾಂಗಣದಲ್ಲೇ ತರಬೇತಿ ಇಟ್ಟುಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಉಪನ್ಯಾಸವಾದರೆ ಆದೀತು. ಆದರೆ ತುರ್ತು ಚಿಕಿತ್ಸೆ ಕೈಯಲ್ಲಿ ಕೂರಬೇಕಾದ ವಿದ್ಯೆ. ಐದೈದು ನಿಮಿಷಕ್ಕೊಮ್ಮೆ ವಾರ್ಡಿನಿಂದ ಕರೆ ಬಂದು ಎದ್ದು ಹೋಗುವವರಿಗೆ ಅದು ದಕ್ಕುವುದಿಲ್ಲ. ಊರಿನಿಂದ ಒಂದಿಷ್ಟು ದೂರ ಹೋಗಬೇಕಾದದ್ದು ಈ ಕಾರಣಕ್ಕಾಗಿ. ವೈದ್ಯರ ಸಂಘವಾದ ಐಎಂಎಯ (ಭಾರತೀಯ ವೈದ್ಯಕೀಯ ಸಂಘ) ಶಾಖೆಗಳು, ವೈದ್ಯಕೀಯ ಕಾಲೇಜಿನ ವಿಭಾಗಗಳು ಮತ್ತು ತಾಲ್ಲೂಕು ಆಸ್ಪತ್ರೆಯ ಉತ್ಸಾಹಿ ವೈದ್ಯರು ಇಂತಹ ಶಿಬಿರವನ್ನು ಹೇಗೆ ಏರ್ಪಡಿಸಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲು ಕ್ಯಾಜುವಾಲ್ಟಿ ರಿಜಿಸ್ಟರ್

ವಿಷಯಗಳನ್ನು ಆರಿಸುವ ಮುನ್ನ ಭಾಗವಹಿಸುವ ಆಸ್ಪತ್ರೆಗಳ ಕಳೆದ ಒಂದು ವರ್ಷದ ಕ್ಯಾಜುವಾಲ್ಟಿ ರಿಜಿಸ್ಟರ್, ಅಂದರೆ ತುರ್ತು ಚಿಕಿತ್ಸಾ ವಿಭಾಗದ ದಾಖಲೆ ಪುಸ್ತಕ, ತರಿಸಿಕೊಂಡು ಓದಬೇಕು. ಸಿಂಧನೂರು, ಮಾನ್ವಿ, ಗಂಗಾವತಿಯ ಭತ್ತದ ಸೀಮೆಯಲ್ಲಿ ಮತ್ತು ರಾಯಚೂರಿನ ಹತ್ತಿ ಬೆಳೆಯುವ ಊರುಗಳಲ್ಲಿ ಕ್ರಿಮಿನಾಶಕ ಸೇವಿಸಿದವರು, ಬೆಳೆಗೆ ಅದನ್ನು ಸಿಂಪಡಿಸುವಾಗ ವಿಷವೇರಿದವರು ಬರುತ್ತಾರೆ. ಸಂಡೂರಿನ ಗಣಿ ರಸ್ತೆಗಳಿಂದ, ತೋರಣಗಲ್ಲಿನ ಕಾರ್ಖಾನೆಗಳಿಂದ, ಕೊಪ್ಪಳ ಜಿಲ್ಲೆಯನ್ನು ಹಾಯುವ ಹೆದ್ದಾರಿಗಳಿಂದ ಅಪಘಾತದ ಗಾಯಾಳುಗಳು ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಹೊಡೆತ, ಮಳೆಗಾಲದಲ್ಲಿ ಹಾವು ಕಡಿತ, ವರ್ಷವಿಡೀ ಎದೆನೋವು. ಬೆಂಗಳೂರಿನ ಸಮ್ಮೇಳನದ ವಿಷಯಪಟ್ಟಿಯನ್ನು ಯಥಾವತ್ತಾಗಿ ತಂದಿಟ್ಟರೆ ಇವುಗಳಲ್ಲಿ ಅರ್ಧಕ್ಕೂ ಜಾಗ ಸಿಗುವುದಿಲ್ಲ. ರಿಜಿಸ್ಟರಿನಲ್ಲಿ ಪದೇ ಪದೇ ಕಾಣುವ ಐದಾರು ತೊಂದರೆಗಳನ್ನು ಮಾತ್ರ ಆರಿಸಿಕೊಂಡು ಅವುಗಳಿಗೇ ಎರಡು ದಿನ ಕೊಡುವುದು ಲೇಸು.

ದಿನಾಂಕದ ಲೆಕ್ಕಾಚಾರ

ನವೆಂಬರ್‌ನಿಂದ ಜನವರಿವರೆಗೆ ಆನೆಗೊಂದಿಯ ಹವೆ ಹಿತವಾಗಿರುತ್ತದೆ, ಕಾಲುವೆಯಲ್ಲಿ ನೀರು ಹರಿಯುವ ಕಾಲವಾದ್ದರಿಂದ ಗದ್ದೆಗಳೂ ಕೆರೆಯೂ ತುಂಬಿ ಕಾಣುತ್ತವೆ. ಆದರೆ ಹಾವು ಕಡಿತ ಮತ್ತು ಕ್ರಿಮಿನಾಶಕ ವಿಷಬಾಧೆಯ ಪ್ರಕರಣಗಳು ಏರುವುದು ಮುಂಗಾರಿನ ಬಿತ್ತನೆ, ನಾಟಿ, ಸಿಂಪಡಣೆಯ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಕಲಿತದ್ದು ಆ ಹೊತ್ತಿಗೆ ಮಸುಕಾಗಿರುತ್ತದೆ. ಹೀಗಾಗಿ ನೋಟ ಸ್ವಲ್ಪ ಸಪ್ಪೆಯಾದರೂ ಸರಿ, ಬಿಸಿಲು ತಗ್ಗುವ ಜೂನ್ ತಿಂಗಳ ನಡುವಿನ ವಾರಾಂತ್ಯವೇ ಒಳ್ಳೆಯದೆಂಬುದು ಈ ಲೇಖಕನ ಅಭಿಪ್ರಾಯ. ಜುಲೈ ದಾಟಿದರೆ ಇನ್ನೊಂದು ತೊಡಕಿದೆ. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಬಳ್ಳಾರಿ ಕಡೆಯವರ ನೇರ ದಾರಿ ಮುಚ್ಚುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೋ ಹೊಸಪೇಟೆ, ಮುನಿರಾಬಾದ್ ಮಾರ್ಗವಾಗಿಯೋ ಸುತ್ತಿ ಬರಬೇಕು. ಡಿಸೆಂಬರನ್ನೇ ಆರಿಸುವುದಾದರೆ ಮಾಲೆ ಧರಿಸಿದ ಹನುಮ ಭಕ್ತರು ಸೇರುವ ಹನುಮಮಾಲೆ ವಿಸರ್ಜನೆಯ ದಿನಗಳನ್ನು ಬಿಟ್ಟುಬಿಡಬೇಕು, ಏಕೆಂದರೆ ಆಗ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ರಸ್ತೆಯಲ್ಲಿ ವಾಹನ ಅಲುಗಾಡುವುದೂ ಕಷ್ಟ.

ರೆಸಾರ್ಟ್ ಆರಿಸುವಾಗ

ಇಲ್ಲಿ ಅವಸರ ಸಲ್ಲದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ನದಿಯ ಈಚೆಗಿನ ಆನೆಗೊಂದಿ ಭಾಗದ ಹಲವು ಹಳ್ಳಿಗಳೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದ ನಂತರ 2020ರಲ್ಲಿ ತೆರವುಗೊಳಿಸಿದ್ದು ಈ ಭಾಗದವರಿಗೆಲ್ಲ ನೆನಪಿರುವ ಸಂಗತಿ. ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಪ್ರಾಧಿಕಾರದ ಅನುಮತಿ ಮತ್ತು ಗ್ರಾಮ ಪಂಚಾಯಿತಿಯ ಪರವಾನಗಿಯ ಪ್ರತಿಗಳನ್ನು ಕೇಳಿ ನೋಡಬೇಕು. ಸರ್ಕಾರಿ ವೈದ್ಯರು ಸೇರುವ ಕಾರ್ಯಕ್ರಮ ಅಕ್ರಮ ಕಟ್ಟಡದಲ್ಲಿ ನಡೆಯುವುದು ಶೋಭೆಯಲ್ಲ.

ಅನುಮತಿ ಸರಿಯಿದ್ದರೆ ಮುಂದಿನ ಪ್ರಶ್ನೆಗಳು ಸರಳ. ಐದು ಗುಂಪುಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸದಂತೆ ಕೂತು ಅಭ್ಯಾಸ ಮಾಡುವಷ್ಟು ಜಾಗವಿದೆಯೇ, ಕರೆಂಟ್ ಹೋದರೆ ಜನರೇಟರ್ ಇದೆಯೇ, ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ಆಂಬುಲೆನ್ಸ್ ಬಾಗಿಲವರೆಗೆ ಬರಬಲ್ಲದೇ ಎಂಬುದನ್ನು ಖುದ್ದಾಗಿ ಹೋಗಿ ನೋಡಬೇಕು. ದೊಡ್ಡ ಹವಾನಿಯಂತ್ರಿತ ಸಭಾಂಗಣ ಇರಲೇಬೇಕೆಂದೇನಿಲ್ಲ. ಎದೆ ಒತ್ತುವ ಅಭ್ಯಾಸ ನಡೆಯುವುದು ನೆಲದ ಮೇಲೆ. ನೆರಳಿರುವ ಚಪ್ಪರ, ಹಾಸಿದ ಜಮಖಾನೆ, ಕುಡಿಯುವ ನೀರು ಇದ್ದರೆ ಸಾಕು.

ಮಾನ್ಯತೆ ಮತ್ತು ಹಣ

ಕ್ರೆಡಿಟ್ ಗಂಟೆಗಳಿಗಾಗಿ, ಅಂದರೆ ಈ ತರಬೇತಿ ಸಿಎಂಇ ಲೆಕ್ಕಕ್ಕೆ ಸೇರಲು, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ವಿಷಯಗಳು, ಬೋಧಕರ ಅರ್ಹತೆ, ವೇಳಾಪಟ್ಟಿ ಸಹಿತ ಸಾಕಷ್ಟು ಮೊದಲೇ ಅರ್ಜಿ ಹಾಕಬೇಕು. ಕಾರ್ಯಕ್ರಮ ಮುಗಿದ ಮೇಲೆ ಕ್ರೆಡಿಟ್ ಕೇಳಿ ಪ್ರಯೋಜನವಿಲ್ಲ. ಹಾಜರಾತಿಯನ್ನು ಬೆಳಿಗ್ಗೆ ಒಮ್ಮೆ ಪಡೆದು ಬಿಡದೆ ಪ್ರತಿ ಅವಧಿಗೂ ಪಡೆಯುವುದು ಒಳ್ಳೆಯದು.

ಖರ್ಚಿನ ವಿಷಯದಲ್ಲಿ ಖಡಕ್ಕಾಗಿಯೇ ಇರಬೇಕು. ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯುವುದನ್ನು ವೈದ್ಯರ ನಡವಳಿಕೆ ನಿಯಮಗಳಿಗೆ 2009ರಲ್ಲಿ ತಂದ ತಿದ್ದುಪಡಿಯೇ ನಿಷೇಧಿಸಿದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಔಷಧ ಮಾರಾಟ ಪದ್ಧತಿಗಳ ಸಂಹಿತೆ ಕಂಪನಿಗಳ ಮೇಲೂ ಅದೇ ಕಟ್ಟುಪಾಡು ಹಾಕಿದೆ. ರೆಸಾರ್ಟ್ ಎಂದೊಡನೆ ಜನ ಅನುಮಾನಿಸುವುದು ಸಹಜವಾದ್ದರಿಂದ ನೋಂದಣಿ ಶುಲ್ಕದಲ್ಲೇ ಎಲ್ಲವನ್ನೂ ತೂಗಿಸಿ, ಲೆಕ್ಕವನ್ನು ಭಾಗವಹಿಸಿದವರ ಕೈಗೇ ಕೊಡಬೇಕು. ಒಂದೇ ಕೋಣೆಯಲ್ಲಿ ಇಬ್ಬರು ಉಳಿದು, ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಊಟ ಮಾಡಿದರೆ ಶುಲ್ಕ ಯಾರಿಗೂ ಭಾರವಾಗದು. ಅಭ್ಯಾಸಕ್ಕೆ ಬೇಕಾದ ಮನುಷ್ಯಾಕಾರದ ಬೊಂಬೆಗಳನ್ನು (ಮ್ಯಾನಿಕಿನ್) ವೈದ್ಯಕೀಯ ಕಾಲೇಜಿನಿಂದ ಎರವಲು ಕೇಳಬಹುದು.

ಯಾರು ಬರಬೇಕು, ಯಾರು ಉಳಿಯಬೇಕು

ವೈದ್ಯರನ್ನಷ್ಟೇ ಕರೆದರೆ ತರಬೇತಿ ಅರ್ಧವಾದಂತೆ. ಕ್ಯಾಜುವಾಲ್ಟಿಯಲ್ಲಿ ಮೊದಲು ರೋಗಿಯನ್ನು ಮುಟ್ಟುವವರು ಸ್ಟಾಫ್ ನರ್ಸ್; ದಾರಿಯಲ್ಲಿ ನೋಡಿಕೊಳ್ಳುವವರು 108 ಆಂಬುಲೆನ್ಸ್‌ನ ಸಿಬ್ಬಂದಿ. ಒಂದು ಆಸ್ಪತ್ರೆಯಿಂದ ಒಬ್ಬ ವೈದ್ಯರು, ಇಬ್ಬರು ನರ್ಸ್‌ಗಳು ಮತ್ತು ಸಾಧ್ಯವಾದರೆ ಒಬ್ಬ ಆಂಬುಲೆನ್ಸ್ ಸಿಬ್ಬಂದಿ ತಂಡವಾಗಿ ಬಂದು, ತಂಡವಾಗಿಯೇ ಅಭ್ಯಾಸ ಮಾಡಬೇಕು. ಇಷ್ಟು ಜನ ಹೊರಟರೆ ಆಸ್ಪತ್ರೆ ಖಾಲಿಯಾಗುವ ಅಪಾಯವಿದೆ. ಅದಕ್ಕಾಗಿ ಎರಡು ವಾರಾಂತ್ಯಗಳಲ್ಲಿ ಎರಡು ತಂಡಗಳನ್ನು ಮಾಡಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಒಪ್ಪಿಗೆಯೊಂದಿಗೆ ಡ್ಯೂಟಿ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಬೇಕು.

ಎರಡು ದಿನಗಳ ಪಾಠ

ಉಪನ್ಯಾಸ ಇಪ್ಪತ್ತು ನಿಮಿಷ ಮೀರದಿರಲಿ. ಉಳಿದ ಹೊತ್ತೆಲ್ಲ ಆರಾರು ಜನರ ಗುಂಪಿನಲ್ಲಿ ಕೈಯಿಂದ ಮಾಡುವ ಅಭ್ಯಾಸ ನಡೆಯಬೇಕು. ಮೊದಲ ಬೆಳಿಗ್ಗೆ ಸಿಪಿಆರ್, ಅಂದರೆ ನಿಂತ ಹೃದಯವನ್ನು ಎದೆ ಒತ್ತಿ, ಉಸಿರು ಕೊಟ್ಟು ಮತ್ತೆ ನಡೆಸುವ ಪ್ರಯತ್ನ: ನಿಮಿಷಕ್ಕೆ 100ರಿಂದ 120 ಒತ್ತುವಿಕೆ, 5ರಿಂದ 6 ಸೆಂಟಿಮೀಟರ್ ಆಳ, ಎರಡು ನಿಮಿಷಕ್ಕೊಮ್ಮೆ ಒತ್ತುವವರ ಬದಲಾವಣೆ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಬಳಕೆ. ಬಳಿಕ ಎದೆನೋವು: ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ತೆಗೆಯುವುದು, ಹೆಪ್ಪು ಕರಗಿಸುವ ಚುಚ್ಚುಮದ್ದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂದು ನಿರ್ಧರಿಸುವುದು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಅಂಥ ಚುಚ್ಚುಮದ್ದಾದ ಟೆನೆಕ್ಟೆಪ್ಲೇಸ್ ಕೊಡುವ ವ್ಯವಸ್ಥೆ ರೂಪುಗೊಂಡಿರುವುದರಿಂದ ಈ ಪಾಠ ಈಗ ದೊಡ್ಡಾಸ್ಪತ್ರೆಯವರಿಗಷ್ಟೇ ಸೇರಿದ್ದಲ್ಲ.

ಮಧ್ಯಾಹ್ನವನ್ನು ಪೂರ್ತಿಯಾಗಿ ಕ್ರಿಮಿನಾಶಕ ವಿಷಬಾಧೆಗೆ ಮೀಸಲಿಡಬೇಕು. ಹಲವು ಕ್ರಿಮಿನಾಶಕಗಳಲ್ಲಿರುವ ಆರ್ಗನೋಫಾಸ್ಫೇಟ್ ವಿಷಕ್ಕೆ ಪ್ರತಿವಿಷವಾಗಿ ಅಟ್ರೋಪಿನ್ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ಎಂಬಲ್ಲಿ ಕೈ ತಡೆಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್‌ನ ಆಂಪ್ಯೂಲ್‌ನಲ್ಲಿ (ಕುತ್ತಿಗೆ ಮುರಿದು ತೆರೆಯುವ ಚಿಕ್ಕ ಗಾಜಿನ ಶೀಶೆಯಲ್ಲಿ) 0.6 ಮಿಲಿಗ್ರಾಂ ಇರುತ್ತದೆ. ಮೊದಲ ಡೋಸ್ 1.8 ಮಿಲಿಗ್ರಾಂ ಎಂದುಕೊಂಡರೆ ಮೂರು ಆಂಪ್ಯೂಲ್; ಐದು ನಿಮಿಷಕ್ಕೆ ಗುಣ ಕಾಣದಿದ್ದರೆ ಇಮ್ಮಡಿಯಾಗಿ ಆರು, ನಂತರ ಹನ್ನೆರಡು, ನಂತರ ಇಪ್ಪತ್ತನಾಲ್ಕು. ಹದಿನೈದನೇ ನಿಮಿಷಕ್ಕೆ ಒಟ್ಟು 45 ಆಂಪ್ಯೂಲ್ ಒಡೆದಿರಬೇಕು. ಒಬ್ಬ ನರ್ಸ್ ಒಂಟಿಯಾಗಿ ಆಂಪ್ಯೂಲ್‌ನ ಕುತ್ತಿಗೆ ಮುರಿದು, ಸಿರಿಂಜಿಗೆ ಎಳೆದು, ರಕ್ತನಾಳಕ್ಕೂ ಕೊಡುತ್ತ ಹೋದರೆ ಮೂರನೇ ಡೋಸ್‌ಗೇ ಹಿಂದೆ ಬೀಳುತ್ತಾರೆ. ಇದನ್ನು ಹೇಳಿ ನಂಬಿಸುವುದಕ್ಕಿಂತ ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್‌ಗಳನ್ನು ಕೊಟ್ಟು, ಗಡಿಯಾರ ಹಿಡಿದು ಮಾಡಿಸಬೇಕು. ಒಡೆಯುವವರು ಇಬ್ಬರು, ಕೊಡುವವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು ಎಂಬ ಹಂಚಿಕೆ ಆಗ ತಾನಾಗಿ ಹೊಳೆಯುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದೂ ಅಷ್ಟೇ ಮುಖ್ಯ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಗೊರಗೊರ ಸದ್ದು ಅಡಗಿರಬೇಕು, ನಾಡಿ 80 ದಾಟಿರಬೇಕು, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿರಬೇಕು. ಕಣ್ಣಪಾಪೆ ಹಿಗ್ಗಿತೆಂದ ಮಾತ್ರಕ್ಕೆ ನಿಲ್ಲಿಸಬಾರದು. ವಿಷ ಅಂಟಿದ ಬಟ್ಟೆ ಕಳಚಿ ಸೋಪಿನಿಂದ ಮೈ ತೊಳೆಯುವುದನ್ನು, ತೊಳೆಯುವವರು ಕೈಗವಸು ಹಾಕಿಕೊಳ್ಳುವುದನ್ನು ಇದೇ ಅವಧಿಯಲ್ಲಿ ಮಾಡಿ ತೋರಿಸಬೇಕು. ಚೇತರಿಸಿಕೊಂಡವರನ್ನು ಮನೋವೈದ್ಯರ ಬಳಿಗೆ ಕಳುಹಿಸುವ ಬಗೆಯನ್ನೂ ತಪ್ಪದೆ ಸೇರಿಸಬೇಕು. ಬದುಕುಳಿದವರೊಂದಿಗೆ ಗದರದೆ, ಹಂಗಿಸದೆ ಮಾತನಾಡುವುದು ಚಿಕಿತ್ಸೆಯ ಭಾಗವೇ ಆಗಿದೆ.

ಎರಡನೇ ಬೆಳಿಗ್ಗೆ ಹಾವು ಕಡಿತಕ್ಕೆ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿರುವುದರಿಂದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ಲಕ್ಷಣಗಳನ್ನು ಬೇರ್ಪಡಿಸಿ ಕಲಿಸಬೇಕು. ಅದರಲ್ಲೂ ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಟ್ಟುಹಾವು ಕಡಿದರೆ ಬಾವೂ ಇರದೆ, ಗುರುತೂ ಕಾಣದೆ, ಬೆಳಗಿನ ಜಾವ ಹೊಟ್ಟೆನೋವು ಮತ್ತು ಜೋತುಬಿದ್ದ ರೆಪ್ಪೆಗಳಷ್ಟೇ ಕಾಣಬಹುದೆಂಬುದನ್ನು ಒತ್ತಿ ಹೇಳಬೇಕು. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆಯನ್ನು ಕಾಗದದ ಮೇಲೆ ಬಲ್ಲವರೂ ಕೈಯಿಂದ ಮಾಡುವಾಗ ಎಡವುತ್ತಾರೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುದ್ಧ ಗಾಜಿನ ಕೊಳವೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಪ್ಲಾಸ್ಟಿಕ್ ಕೊಳವೆಯಾದರೆ ಅಥವಾ ಡಿಟರ್ಜೆಂಟ್‌ನಿಂದ ತೊಳೆದ ಗಾಜಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ವಿಷನಿರೋಧಕ ಔಷಧವನ್ನು ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣದಲ್ಲಿ ಕೊಡಬೇಕು. ಅದರ ಅಲರ್ಜಿ ಕಾಣಿಸಿದ ಕೂಡಲೇ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, ವಯಸ್ಕರಿಗೆ 0.5 ಮಿಲಿಗ್ರಾಂ. ಔಷಧ ಶುರುಮಾಡುವ ಮೊದಲೇ ಆ ಸಿರಿಂಜ್ ತುಂಬಿ ಪಕ್ಕದಲ್ಲಿಟ್ಟುಕೊಳ್ಳುವ ಅಭ್ಯಾಸ ಮಾಡಿಸಬೇಕು.

ಬಿಸಿಲಿನ ಹೊಡೆತ, ಅಪಘಾತದ ರಕ್ತಸ್ರಾವ ತಡೆ ಇವೆರಡನ್ನು ಎರಡನೇ ಮಧ್ಯಾಹ್ನ ಮುಗಿಸಬಹುದು. ಕೊನೆಗೊಂದು ಇಡೀ ತಂಡದ ಅಣಕು ಪ್ರಸಂಗ ಇರಲಿ. ಇದಕ್ಕೆ ಈ ಜಾಗವೇ ವಿಷಯ ಒದಗಿಸುತ್ತದೆ: ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳ ಅರ್ಧದಲ್ಲಿ ಯಾತ್ರಿಕರೊಬ್ಬರು ಕುಸಿದಿದ್ದಾರೆ ಎಂದುಕೊಳ್ಳಿ. ಸಿಪಿಆರ್ ಯಾರು ಶುರುಮಾಡುತ್ತಾರೆ, ಕೆಳಗಿನಿಂದ ಡಿಫಿಬ್ರಿಲೇಟರ್ ಯಾರು ತರುತ್ತಾರೆ, ಗಂಗಾವತಿ ಉಪವಿಭಾಗ ಆಸ್ಪತ್ರೆಗೆ ಮುಂಚಿತವಾಗಿ ಯಾರು ಏನೆಂದು ತಿಳಿಸುತ್ತಾರೆ ಎಂಬುದನ್ನು ತಂಡ ಹತ್ತು ನಿಮಿಷದಲ್ಲಿ ನಡೆಸಿ ತೋರಿಸಬೇಕು.

ಬಿಡುವಿನ ಹೊತ್ತು, ನೀರಿನ ಎಚ್ಚರ

ಸಂಜೆಯ ಹೊತ್ತು ಕೆರೆಯ ದಂಡೆಗೆ ಹೋಗುವುದರಲ್ಲಿ ತಪ್ಪೇನಿಲ್ಲ. ರಾತ್ರಿ ಡ್ಯೂಟಿಗಳಲ್ಲಿ ಬಳಲಿದವರಿಗೆ ಆ ಬಿಡುವು ಬೇಕು. ಆದರೆ ನದಿಗೂ ಕೆರೆಗೂ ಯಾರೂ ಈಜಲು ಇಳಿಯಬಾರದೆಂದು ಮೊದಲ ದಿನವೇ ಸಾರಬೇಕು. ಬಂಡೆಗಳ ಸಂದಿಯಲ್ಲಿ ಹರಿಯುವ ತುಂಗಭದ್ರೆಯ ಸೆಳೆತ ದಡದಿಂದ ತಿಳಿಯುವುದಿಲ್ಲ. ಹರಿಗೋಲು ಹತ್ತುವವರು ಲೈಫ್ ಜಾಕೆಟ್ ಧರಿಸಲೇಬೇಕು. ದಂಡೆಯಲ್ಲೇ ಮ್ಯಾನಿಕಿನ್ ಇಟ್ಟು ಮುಳುಗಿದವರ ಚಿಕಿತ್ಸೆಯನ್ನೂ ಅಭ್ಯಾಸ ಮಾಡಬಹುದು: ಹೊಟ್ಟೆ ಒತ್ತಿ ನೀರು ಕಕ್ಕಿಸುವ ಹಳೆಯ ರೂಢಿ ಬಿಟ್ಟು, ಮೊದಲು ಉಸಿರು ಕೊಟ್ಟು, ಆಮೇಲೆ ಎದೆ ಒತ್ತುವುದು.

ಊರಿಗೆ ಮರಳಿದ ವಾರದಲ್ಲಿ

ಸಿಪಿಆರ್ ಕೌಶಲ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲೇ, ಡ್ಯೂಟಿ ಬದಲಾಗುವ ಹೊತ್ತಿಗೆ, ಇಪ್ಪತ್ತು ನಿಮಿಷದ ಮರು ಅಭ್ಯಾಸಕ್ಕೆ ದಿನ ಗೊತ್ತುಮಾಡಿ, ಶಿಬಿರಕ್ಕೆ ಹೋಗಿಬಂದ ನರ್ಸ್‌ಗಳೇ ಅದನ್ನು ನಡೆಸಿಕೊಡಲಿ. ಮರಳಿದ ಮೊದಲ ಸೋಮವಾರವೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಕ್ಯಾಜುವಾಲ್ಟಿಯ ಔಷಧ ಟ್ರಾಲಿ ಎಳೆದು, ಅಟ್ರೋಪಿನ್ ಎಷ್ಟಿದೆ, ಗಾಜಿನ ಕೊಳವೆಗಳಿವೆಯೇ, ವಿಷನಿರೋಧಕದ ಅವಧಿ ಎಂದಿಗೆ ಮುಗಿಯುತ್ತದೆ, ಉಸಿರು ಕೊಡಲು ಕೈಯಿಂದ ಒತ್ತುವ ಅಂಬು ಬ್ಯಾಗಿನ ಮಾಸ್ಕ್ ಬಿರಿದಿದೆಯೇ ಎಂದು ಎಣಿಸಿ ನೋಡಿ, ಕಡಿಮೆ ಬಿದ್ದದ್ದಕ್ಕೆ ಅಂದೇ ಇಂಡೆಂಟ್ (ಬೇಡಿಕೆ ಪಟ್ಟಿ) ಬರೆದು ಔಷಧ ಉಗ್ರಾಣಕ್ಕೆ ಕಳುಹಿಸಬೇಕು.