ಸಿಟ್ಟು ಇಳಿದ ಮೇಲೂ ಒಂದು ತಾಸು

ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಸಣ್ಣ ಯೂನಿಟ್ ನಂದು, ಹನ್ನೆರಡು ಮಷೀನು, ಮೇಲೆ ತಗಡಿನ ಶೀಟು, ಮೇ ತಿಂಗಳಾಗ ಒಳಗೆ ಬಂದ್ರೆ ಗೊತ್ತಾಗ್ತೈತೆ. ಹೋದ ವರ್ಷ ಒಂದು ಲಾಟ್ ಶೇಡ್ ಮಿಕ್ಸ್ ಆತು, ಅಂದ್ರೆ ಒಂದು ರೋಲಿನ ಮುಂದಿನ ಪೀಸಿಗೆ ಇನ್ನೊಂದು ರೋಲಿನ ಹಿಂದಿನ ಪೀಸು ಕೂಡಿಸಿಬಿಟ್ಟಿದ್ರು, ವಾಶಿಂಗ್ ಆಗಿ ಬಂದ ಮೇಲೆ ನೋಡಿದ್ರೆ ಒಂದೇ ಪ್ಯಾಂಟು ಎರಡು ಬಣ್ಣ. ಟೇಲರಣ್ಣಗೆ ಬಾಯಿಗೆ ಬಂದಂಗೆ ಬೈದೆ. ಕತ್ತರಿ ಇಟ್ಟು ಹೋದವನು ಎಂಟು ದಿನ ಬರ್ಲಿಲ್ಲ. ಅದಾದ್ರೂ ಸರಿ, ಒಂದು ತಾಸು ಬಿಟ್ಟು ಮನೆಗೆ ಹೋಗಿ ಸಾರಿಗೆ ಉಪ್ಪು ಕಮ್ಮಿ ಅಂತ ಹೆಂಡ್ತಿ ಮೇಲೆ ಹಾರಾಡಿದೆ ನೋಡ್ರಿ, ಅದು ನಂಗೇ ತಿಳೀಲಿಲ್ಲ. ಸಿಟ್ಟು ಇಳಿದೈತೆ ಅಂತ್ಲೇ ಅನ್ಕೊಂಡಿದ್ದೆ.

ಬಿಪಿ ತೋರ್ಸೋಕೆ ಹೋದಾಗ ಡಾಕ್ಟ್ರು ಬಿಡಿಸಿ ಹೇಳಿದ್ರು. ಕಿಡ್ನಿ ಮೇಲೆ ಟೋಪಿ ಥರ ಕೂತಿರ್ತಾವಂತೆ ಅಡ್ರಿನಲ್ ಗ್ರಂಥಿಗಳು. ಬೈಯೋವಾಗ ಎದೆ ಡವಡವ, ಕೈ ನಡುಕ, ಅದು ಅಡ್ರಿನಲಿನ್, ಸೆಕೆಂಡಿನಾಗ ಏರಿ ಕೆಲವೇ ನಿಮಿಷಕ್ಕೆ ಇಳೀತೈತೆ. ಅದೇ ಗ್ರಂಥಿಯಿಂದ ಬರೋ ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ಹಂಗಲ್ಲ, 20-30 ನಿಮಿಷಕ್ಕೆ ಮೇಲೆ ಹೋಗಿ ನಿಧಾನ ಇಳೀತೈತೆ, ತಾಸಿಗೂ ಜಾಸ್ತಿ ಹಿಡೀತೈತೆ. ಇಸ್ತ್ರಿ ಪೆಟ್ಟಿಗೆ ಸ್ವಿಚ್ ತೆಗೆದ್ರೂ ಬಟ್ಟೆ ಸುಡ್ತೈತಲ್ಲ, ಅದೇ ಕಥೆ. ಸಾರಿನ ಉಪ್ಪಿನ ಮರ್ಮ ಆವಾಗ ಸಿಕ್ತು.

ರೀಲ್ಸ್‌ನಾಗ ಕಾರ್ಟಿಸೋಲ್ ಅಂದ್ರೆ ವಿಷ ಅನ್ನಂಗೆ ಪುಡಿ ಮಾರೋರು ಅದಾರೆ, ನಂಬಬ್ಯಾಡ್ರಿ. ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ತಾಸಿನಾಗ ಅದು ಬಹಳ ಮಂದಿಗೆ ತಾನೇ ಏರ್ತೈತೆ, ಕಾರ್ಟಿಸೋಲೇ ಇಲ್ಲ ಅಂದ್ರೆ ಸುಸ್ತಾಗಿ, ಬಿಪಿ ಬಿದ್ದು ಮನುಷ್ಯ ಏಳೋದೇ ಕಷ್ಟ.

ನಾನು ಮಾಡಿದ್ದು ಇಷ್ಟೇ. ಲಾಟ್ ಬರೆಯೋ ನೋಟ್‌ಬುಕ್ಕಿನ ಕೊನೆ ಹಾಳೆಯಾಗ, ತಲೆ ಕಾದಾಗೆಲ್ಲ ಟೈಮು ಮತ್ತೆ ಒಂದೇ ಒಂದು ಪದ. 'ಸಿಟ್ಟು' ಅಂತ ಬರೆಯಂಗಿಲ್ಲ. ಮೊದ್ಲು ಪೆನ್ನೇ ಓಡ್ಲಿಲ್ಲ. ಎರಡು ತಿಂಗಳು ಬಿಟ್ಟು ತಿರುವಿ ಹಾಕಿದ್ರೆ ಜಾಸ್ತಿ ಬಂದಿದ್ದು 'ಹೆದರಿಕೆ', ಪಾರ್ಟಿ, ಅಂದ್ರೆ ಆರ್ಡರ್ ಕೊಟ್ಟೋರು, ಪೇಮೆಂಟ್ ಹಿಡಿದ್ರೆ ಶನಿವಾರ ಬಟವಾಡೆ ಹೆಂಗೆ ಅನ್ನೋದು. ಆಮೇಲೆ 'ಅವಮಾನ'. ಹನ್ನೊಂದು ಗಂಟೆ ಹೊತ್ತಿಂದೆಲ್ಲ 'ಹಸಿವು', ಅದಕ್ಕೆ ಒಗ್ಗಾಣಿ ಮಿರ್ಚಿ ಸಾಕಾತು.

ಹೊರಗೆ ಬಂದು ಕಟ್ಟೆ ಮೇಲೆ ಕೂತು ನಾಲ್ಕು ಎಣಿಸೋ ತನಕ ಉಸಿರು ಎಳ್ಕೊಂಡು ಆರು ಎಣಿಸೋ ತನಕ ಬಿಡ್ತೀನಿ, ಐದು ನಿಮಿಷ. ಎದೆ ಬಡಿತ ಇಳೀತೈತೆ, ಖರೆ. ಒಳಗಿನ ಕಾವು ಆರೋಕೆ ಮಾತ್ರ ಟೈಮೇ ಬೇಕು, ಅದಕ್ಕೆ ಒಂದೂವರೆ ತಾಸು ಪಾರ್ಟಿಗೆ ಫೋನ್ ಮಾಡಲ್ಲ, ದುಡ್ಡಿನ ಮಾತು ತೆಗೆಯಲ್ಲ, ಮನೆಗೆ ಹೋದ್ರೆ ಬಾಗಿಲಾಗೇ ಹೆಂಡ್ತಿಗೆ "ಇಸ್ತ್ರಿ ಬಿಸಿ ಐತೆ" ಅಂದ್ಬಿಡ್ತೀನಿ, ಅಕಿ ನಕ್ಕು ನೀರು ಕೊಡ್ತಾಳೆ. ಬಿಪಿ ಗುಳಿಗೆ ಬಿಟ್ಟಿಲ್ಲ, ಅದು ಬೇರೆ.

ಮೊನ್ನೆ ಮತ್ತೆ ಶೇಡ್ ಮಿಕ್ಸ್, ಈ ಸಲ ಕಟಿಂಗ್ ಟೇಬಲ್ಲಿನಾಗೇ ಸ್ಟಿಕ್ಕರ್ ಅದಲುಬದಲಾಗಿದ್ದು ನನ್ನ ಕೈಯಿಂದ್ಲೇ. 'ನಾಚಿಕೆ, 6:40' ಅಂತ ಬರೆದೆ. ಹೆಲ್ಪರ್ ಹುಡುಗ ಇಣುಕಿ, "ಅಣ್ಣಾ, ಇದು ಯಾವ ಪಾರ್ಟಿ ಲಾಟು?" ಅಂದ.